ಕಾರ್ನೆದೈ ಬೆಟ್ಟದ ಗೆಳತಿಯರು

ಬ್ರಿಟನ್ನಿನ ಪಶ್ಚಿಮ ಅಂಚಿನಲ್ಲಿರುವ ಪುಟ್ಟ ನಾಡು ವೇಲ್ಸ್. ಅದರ ಉತ್ತರ ಭಾಗದಲ್ಲಿ, ಸಮುದ್ರದಿಂದ ಕೆಲವೇ ಮೈಲಿ ದೂರದಲ್ಲಿ ಕಾರ್ನೆದೈ ಎಂಬ ಬೆಟ್ಟಸಾಲು ಎದ್ದು ನಿಂತಿದೆ. ವೇಲ್ಸ್ ಭಾಷೆಯಲ್ಲಿ ಈ ಹೆಸರಿಗೆ ‘ಕಲ್ಲುಗುಪ್ಪೆಗಳು’ ಎಂದರ್ಥ. ಹೆಸರಿಗೆ ತಕ್ಕಂತೆ ಶಿಖರಗಳ ಮೇಲೆ ಹಿಂದಿನವರು ಒಟ್ಟಿದ ಕಲ್ಲಿನ ರಾಶಿಗಳಿವೆ. ಇಲ್ಲಿನ ಅತಿ ಎತ್ತರದ ಶಿಖರ ಕಾರ್ನೆದ್ ಲೆವೆಲಿನ್ 1,064 ಮೀಟರ್ ಎತ್ತರವಿದೆ. ಮರಗಳು ವಿರಳ, ಗಾಳಿ ಜೋರು, ಮಳೆ ಧಾರಾಳ. ಈ ಬಯಲು ಬೆಟ್ಟದಲ್ಲಿ ಲಾಯವಿಲ್ಲದೆ, ಲಗಾಮಿಲ್ಲದೆ ಬದುಕುತ್ತಿವೆ ಇನ್ನೂರಕ್ಕೂ ಹೆಚ್ಚು ತಟ್ಟು ಕುದುರೆಗಳು.

ಇವುಗಳ ಎತ್ತರ ಸುಮಾರು ನಾಲ್ಕು ಅಡಿ ಮಾತ್ರ. ಬೂದು, ಕಂದು, ಕಪ್ಪು ಹೀಗೆ ಬಣ್ಣ ಹಲವು. ಚಳಿಗಾಲದಲ್ಲಿ ಮೈತುಂಬ ದಟ್ಟ ಕೂದಲು ಬೆಳೆಯುತ್ತದೆ. ಹುಲ್ಲು ಸಿಗದ ದಿನಗಳಲ್ಲಿ ‘ಗಾರ್ಸ್’ ಎಂಬ ಮುಳ್ಳುಪೊದೆಯೇ ಮೇವು. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಯುದ್ಧಕ್ಕೆ ಎತ್ತರದ ಕುದುರೆಗಳು ಬೇಕೆಂದು ಗಿಡ್ಡ ಕುದುರೆಗಳ ಸಂತತಿಯನ್ನು ತಡೆಯುವ ಕಾನೂನು ತಂದ. ದುರ್ಗಮ ಬೆಟ್ಟಗಳಲ್ಲಿದ್ದ ಗಿಡ್ಡ ತಳಿಗಳು ಹೇಗೋ ಉಳಿದುಕೊಂಡವು. ಕಾರ್ನೆದೈ ತಟ್ಟುಗಳು ನೂರಾರು ವರ್ಷ ಬೇರೆ ತಳಿಗಳೊಡನೆ ಬೆರೆಯದೆ ಪ್ರತ್ಯೇಕವಾಗಿಯೇ ಉಳಿದಿವೆ ಎಂಬುದನ್ನು ಇತ್ತೀಚಿನ ವಂಶವಾಹಿ ಪರೀಕ್ಷೆಗಳು ತೋರಿಸಿಕೊಟ್ಟಿವೆ.

ಯಜಮಾನಿಕೆ ಯಾರದು?

ದೂರದಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಗಂಡುಕುದುರೆ. ಕತ್ತು ಕೊಂಕಿಸಿ, ಜೂಲು ಕುಣಿಸಿ, ಎದುರಾಳಿಯನ್ನು ಅಟ್ಟುವ ಅದರ ಠೀವಿಯೇ ಬೇರೆ. ಹಿಂಡಿಗೆ ಅದೇ ಯಜಮಾನ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಗಂಡುಕುದುರೆ ಮುಪ್ಪಾದರೆ ಇಲ್ಲವೇ ಸೋತರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಹಿಂಡಿನ ನಿಜವಾದ ಬೆನ್ನೆಲುಬು ವರ್ಷಗಟ್ಟಲೆ ಜೊತೆಗಿರುವ ಹೆಣ್ಣುಕುದುರೆಗಳು.

ಇವುಗಳಲ್ಲಿ ಒಂದೊಂದರ ಸ್ವಭಾವ ಒಂದೊಂದು ಬಗೆ. ಒಂದು ಧೈರ್ಯವಂತೆ, ಹೊಸ ಜಾಗಕ್ಕೆ ಮೊದಲು ಕಾಲಿಡುತ್ತದೆ. ಇನ್ನೊಂದು ಪುಕ್ಕಲು, ಎಲೆ ಅಲುಗಿದರೂ ಕಿವಿ ನಿಮಿರಿಸುತ್ತದೆ. ಮತ್ತೊಂದು ಮುಂಗೋಪಿ, ಕಿವಿಗಳನ್ನು ಹಿಂದಕ್ಕೆ ಮಡಿಸಿದರೆ ಸಾಕು, ಪಕ್ಕದವು ಸರಿದು ದಾರಿ ಬಿಡುತ್ತವೆ. ಈ ಮೌನ ಎಚ್ಚರಿಕೆಯಿಂದಲೇ ಎಷ್ಟೋ ಜಗಳಗಳು ತಪ್ಪುತ್ತವೆ. ವಯಸ್ಸಾದ, ಹಿಂಡಿನಲ್ಲಿ ಬಹುಕಾಲ ಕಳೆದ ಹೆಣ್ಣುಕುದುರೆಗೆ ಸಾಮಾನ್ಯವಾಗಿ ಹೆಚ್ಚು ಮರ್ಯಾದೆ.

ಗೆಳೆತನದ ಗುರುತೂ ಸ್ಪಷ್ಟ. ಎರಡು ಕುದುರೆಗಳು ತಲೆಬಾಲ ಮಾಡಿಕೊಂಡು ನಿಂತು, ಒಂದು ಇನ್ನೊಂದರ ಕತ್ತಿನ ಬುಡವನ್ನು ಹಲ್ಲಿನಿಂದ ಮೃದುವಾಗಿ ಕೆರೆಯುತ್ತವೆ. ಇದು ಬರೀ ತುರಿಕೆಯ ಉಪಾಯವಲ್ಲ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಬಗ್ಗೆ 1993ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದೇ ಜಾಗವನ್ನು ಕೆರೆದಾಗ ಕುದುರೆಯ ಹೃದಯ ಬಡಿತದ ವೇಗ ತಗ್ಗುತ್ತದೆ. ಅಂದರೆ ಅದಕ್ಕೆ ನೆಮ್ಮದಿಯಾಗುತ್ತದೆ.

ಸ್ನೇಹದ ಲೆಕ್ಕ

ಕಾರ್ನೆದೈ ತಟ್ಟುಗಳ ಸ್ನೇಹವನ್ನೂ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಯಾವ ಕುದುರೆಯ ಪಕ್ಕದಲ್ಲಿ ಯಾವುದು ಮೇಯುತ್ತಿದೆ ಎಂಬುದನ್ನು ಋತುವಿನಿಂದ ಋತುವಿಗೆ ಗುರುತು ಹಾಕಿಕೊಳ್ಳುವುದು ಇಂಥ ಅಧ್ಯಯನದ ಕ್ರಮ. 2018ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ. ಋತು ಬದಲಾದಂತೆ ಒಡನಾಟ ಬದಲಾಗುತ್ತದಾದರೂ, ವರ್ಷದಿಂದ ವರ್ಷಕ್ಕೆ ಸ್ನೇಹದ ಜಾಲ ಸ್ಥಿರವಾಗಿಯೇ ಇರುತ್ತದೆ.

ಇಂಥ ಸ್ನೇಹದಿಂದ ಲಾಭವೇನು? ಇದಕ್ಕೆ ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನ ಕೈಮನಾವಾ ಎಂಬಲ್ಲಿನ ಕಾಡುಕುದುರೆಗಳಿಂದ. ಹಿಂಡಿನ ಇತರ ಹೆಣ್ಣುಗಳೊಡನೆ ಗಾಢ ಸ್ನೇಹವಿದ್ದ ಹೆಣ್ಣುಕುದುರೆಗಳಿಗೆ ಗಂಡುಕುದುರೆಯ ಕಾಟ ಕಡಿಮೆ, ಬದುಕುಳಿದ ಮರಿಗಳು ಹೆಚ್ಚು ಎಂದು 2009ರ ವರದಿ ಹೇಳಿತು. ಆ ಗೆಳತಿಯರು ರಕ್ತಸಂಬಂಧಿಗಳಾಗಿರಲಿಲ್ಲ ಎಂಬುದು ಗಮನಾರ್ಹ.

ಕೊಂಡು ತರಲಾಗದ ತಿಳಿವಳಿಕೆ

ಕಾರ್ನೆದೈನಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಯಾವ ಕಣಿವೆಯಲ್ಲಿ ಗಾಳಿಗೆ ಮರೆಯಿದೆ, ಹಿಮ ಬಿದ್ದಾಗ ಎಲ್ಲಿಗೆ ಇಳಿಯಬೇಕು ಎಂಬುದನ್ನು ಮರಿ ಕಲಿಯುವುದು ತಾಯಿಯ ಹಿಂದೆ ನಡೆದೇ. ಹೀಗೆ ರೂಢಿಯಾದ ಸ್ವಂತ ನೆಲೆಗೆ ವೇಲ್ಸ್ ಭಾಷೆಯಲ್ಲಿ ‘ಕನೆವಿನ್’ ಎಂಬ ಸೊಗಸಾದ ಪದವಿದೆ.

2013ರ ಮಾರ್ಚ್ ತಿಂಗಳ ಕೊನೆಯಲ್ಲಿ, ವಸಂತ ಬರಬೇಕಾದ ಹೊತ್ತಿಗೆ ಇಲ್ಲಿ ಭಾರೀ ಹಿಮ ಸುರಿಯಿತು. ಬಿರುಗಾಳಿ ಹಿಮವನ್ನು ಗುಡ್ಡೆಗುಡ್ಡೆಯಾಗಿ ಒಟ್ಟಿತು. ಬೆಟ್ಟವನ್ನು ಬಲ್ಲ ತಟ್ಟುಗಳಿಗೂ ದಾರಿ ಸಿಗಲಿಲ್ಲ. ಹತ್ತಾರು ಕುದುರೆಗಳು ಸತ್ತವು. ಸತ್ತ ಒಂದೊಂದು ಹಿರಿಯ ಹೆಣ್ಣುಕುದುರೆಯೊಡನೆ ಅದು ಬಲ್ಲ ಬೆಟ್ಟದ ತಿಳಿವಳಿಕೆಯೂ ಹೋಯಿತು. ಬೇರೆಡೆಯಿಂದ ಕುದುರೆಗಳನ್ನು ಕೊಂಡು ತಂದು ಬಿಟ್ಟರೆ ಸಂಖ್ಯೆ ತುಂಬೀತು, ಆದರೆ ಅವುಗಳಿಗೆ ದಾರಿ ತೋರಿಸುವವರಾರು? ಬದುಕುಳಿದ ಹೆಣ್ಣುಕುದುರೆಗಳ ಸಂತಾನವೇ ಹಿಂಡನ್ನು ಮತ್ತೆ ಬೆಳೆಸಬೇಕಾಯಿತು.

ಈ ತಟ್ಟುಗಳು ಪೂರ್ತಿ ಕಾಡುಪ್ರಾಣಿಗಳಲ್ಲ. ಬೆಟ್ಟದಲ್ಲಿ ಮೇವಿನ ಹಕ್ಕುಳ್ಳ ಕೆಲವು ರೈತ ಕುಟುಂಬಗಳಿಗೆ ಸೇರಿದವು. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುನ್ನ ರೈತರು ಅವನ್ನೆಲ್ಲ ಕೆಳಕ್ಕೆ ಅಟ್ಟಿಕೊಂಡು ಬಂದು, ಆರೋಗ್ಯ ನೋಡಿ, ಕೆಲವನ್ನು ಬೇರ್ಪಡಿಸಿ, ಉಳಿದವನ್ನು ಬೆಟ್ಟಕ್ಕೆ ಬಿಡುತ್ತಾರೆ. ದೊಡ್ಡ ಆದಾಯವೇನೂ ಇಲ್ಲದಿದ್ದರೂ ತಲೆತಲಾಂತರದ ಈ ಕೆಲಸವನ್ನು ಅವರು ಬಿಟ್ಟಿಲ್ಲ. ಕುದುರೆಗಳು ಹುಲ್ಲನ್ನು ಗಿಡ್ಡವಾಗಿ ಮೇಯುವುದರಿಂದ, ಕೆಂಪು ಕೊಕ್ಕಿನ ‘ಚಫ್’ ಎಂಬ ಕಾಗೆ ಜಾತಿಯ ಅಪರೂಪದ ಹಕ್ಕಿಗೆ ನೆಲದ ಹುಳುಗಳು ಸುಲಭವಾಗಿ ಸಿಗುತ್ತವೆ.

ನೋಡಬಯಸುವವರು ಬ್ಯಾಂಗರ್ ಪಟ್ಟಣದವರೆಗೆ ರೈಲಿನಲ್ಲಿ ಹೋಗಬಹುದು. ಹತ್ತಿರದ ಬೆಥೆಸ್ಡಾ ಊರಿನಿಂದಲೂ, ಜಲಪಾತಕ್ಕೆ ಹೆಸರಾದ ಅಬರ್ ಕಣಿವೆಯಿಂದಲೂ ಬೆಟ್ಟಕ್ಕೆ ಕಾಲುದಾರಿಗಳಿವೆ. ಮೇ, ಜೂನ್ ತಿಂಗಳಲ್ಲಿ ಹೋದರೆ ಎಳೆಯ ಮರಿಗಳನ್ನೂ ಕಾಣಬಹುದು. ತಿನಿಸು ಕೊಡುವುದು, ಮೈ ಮುಟ್ಟಲು ಹೋಗುವುದು ಸಲ್ಲದು. ದೂರದಲ್ಲಿ ಸುಮ್ಮನೆ ಕುಳಿತು, ಯಾರ ಪಕ್ಕ ಯಾರಿದ್ದಾರೆಂದು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. ಗಂಟೆ ಕಳೆಯುವಷ್ಟರಲ್ಲಿ ಒಂದೆರಡು ಜೋಡಿ ಗೆಳತಿಯರ ಗುರುತು ಸಿಕ್ಕಿರುತ್ತದೆ.