ಅಕ್ಕನ ಮನೆಯ ಹುಣಸೆಮರ

ನನ್ನ ಅಕ್ಕನನ್ನು ಕೊಟ್ಟಿರುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ. ಬೆಂಗಳೂರು-ಮೈಸೂರು ಹಳೆಯ ರಸ್ತೆಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿದರೆ ಸುಮಾರು ಹನ್ನೆರಡು ಕಿಲೋಮೀಟರಿನ ದಾರಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಹೋದರೆ ನಡೆದೇ ಹೋಗೋಣವೆನ್ನಿಸುತ್ತದೆ. ರಸ್ತೆಯುದ್ದಕ್ಕೂ ತಂಗಡಿಯ ಹಳದಿ ಹೂ; ರಾಗಿ ಕುಯ್ದ ಹೊಲದ ಬದುವಿನಲ್ಲಿ ಅಣ್ಣೆಯ ನಸುಗೆಂಪು ಕುಚ್ಚು; ಹಳ್ಳದ ದಂಡೆಯಲ್ಲಿ ತುಂಬೆ.

ಈ ಸಲ ದಾರಿಯಲ್ಲೊಂದು ಕೆರೆ ಸಿಕ್ಕಿತು. ಕೆರೆಯೆಂದೆನೇ ಹೊರತು ನೀರು ಕಾಣಲಿಲ್ಲ. ದಡದಿಂದ ದಡಕ್ಕೆ ನಸುನೇರಳೆ ಹೂವಿನ ಹಾಸು. ಒಂದೊಂದು ಹೂವಿನ ಮೇಲಿನ ಎಸಳಲ್ಲಿ ನವಿಲುಗರಿಯ ಕಣ್ಣಿನಂತೆ ಹಳದಿ ಚುಕ್ಕೆ. ಮನಸ್ಸು ತಡೆಯದೆ ಬುಡಸಮೇತ ಒಂದು ಗೊಂಚಲು ಕಿತ್ತು ಅಕ್ಕನಿಗೆಂದು ಕೊಂಡೊಯ್ದೆ.

“ಇದನ್ಯಾಕ್ ತಂದ್ಯಪ್ಪಾ? ಕೆರೆ ನುಂಗೋ ಹೂ ಕಣೋ ಇದು!” ಎಂದಳು ಅಕ್ಕ. ಅದನ್ನು ಒಲೆಯ ಪಕ್ಕದ ಕಲ್ಲಿನ ಮೇಲೆ ಹರವಿದಳು. ಚೂರು ಬುಡ ಹಸಿಯಾಗಿ ನೀರಿಗೆ ಬಿದ್ದರೂ ಮತ್ತೆ ಹಬ್ಬುತ್ತದಂತೆ.

ಭಾವ ನಗುತ್ತ ವಿವರಿಸಿದರು. ದಕ್ಷಿಣ ಅಮೆರಿಕದ ಗಿಡ. ಚೆಂದಕ್ಕೆಂದು ನಮ್ಮ ದೇಶಕ್ಕೆ ತಂದದ್ದು. ಹೆಜ್ಜಾರ್ಲೆಗೆ ಈಜಲು ಬಯಲು ನೀರು ಬೇಕು, ಗದ್ದದ ಚೀಲದಲ್ಲಿ ಮೀನನ್ನು ಮೊಗೆಯಬೇಕು. ಬಣ್ಣದ ಕೊಕ್ಕರೆಯಾದರೆ ಮೊಣಕಾಲುದ್ದ ನೀರಿನಲ್ಲಿ ಕೊಕ್ಕು ತೆರೆದಿಟ್ಟು ನಡೆಯುತ್ತದೆ. ಮೀನು ತಗಲಿದೊಡನೆ ಮುಚ್ಚುತ್ತದೆ. ಹೂ ಮುಚ್ಚಿದ ಕೆರೆಯಲ್ಲಿ ಇವೆರಡಕ್ಕೂ ಉಪವಾಸ. ನಾನು ಮೆಚ್ಚಿದ್ದು ಅಂಥ ಹೂವನ್ನು!

ಹಿತ್ತಲ ಹುಣಸೆಮರ ಆಗಲೇ ತುಂಬಿತ್ತು. ಹೆಜ್ಜಾರ್ಲೆಗಳು ಕಾರ್ತೀಕದ ಹೊತ್ತಿಗೇ ಬಂದಿದ್ದವು. ಬಣ್ಣದ ಕೊಕ್ಕರೆಗಳು ಕಡ್ಡಿ ತಂದು ಜಾಗಕ್ಕಾಗಿ ಜಗಳ ಹೂಡಿದ್ದವು. ಊರು ಮೊದಲು ಶಿಂಷೆಯ ದಂಡೆಯಲ್ಲಿತ್ತಂತೆ. ಪ್ಲೇಗು ಬಂದು ಜನ ಈಚೆಗೆ ಸರಿದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂಬುದು ಊರ ಭಾವನೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೂ ಮರ ಮನೆಯವರದೇ. ಗೂಡಿರುವ ಮರಕ್ಕೆ ಪರಿಹಾರದ ಹಣ ಉಂಟು, ಹಿಕ್ಕೆಗೆ ಕೆರೆಗೋಡು ಬೆರೆಸಿದರೆ ಗೊಬ್ಬರವೂ ಉಂಟು. ವಾಸನೆಯ ಮಾತು ಬೇಡ. ನಾನು ಮೊದಲ ದಿನ ಸರಿಯಾಗಿ ಊಟ ಮಾಡಲಿಲ್ಲ.

2017ರ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಹೊಟ್ಟೆಯಲ್ಲಿ ಜಂತುಹುಳು. ಬೆಳಗಾಗೆದ್ದು ಮರದಡಿ ನೋಡಲು ಹೆದರಿಕೆಯಾಗುತ್ತಿತ್ತೆಂದು ಅಕ್ಕ ಈಗಲೂ ಹೇಳುತ್ತಾಳೆ.

ರಾತ್ರಿ ಜಗಲಿಯಲ್ಲಿ ಕುಳಿತಾಗ ಭಾವ ಬೇರೆಯೇ ವಿಷಯವೆತ್ತಿದರು. ಮಗಳ ಮದುವೆ ವೈಶಾಖಕ್ಕೆಂದು ಮಾತಾಗಿತ್ತು. ಮರದ ವ್ಯಾಪಾರಿಯೊಬ್ಬ ಎರಡು ಸಲ ಬಂದು ಹೋಗಿದ್ದ. ವೈಶಾಖದಲ್ಲಿ ಮರಿಗಳಿನ್ನೂ ಗೂಡಿನಲ್ಲೇ ಇರುತ್ತವೆ.

“ಶ್ರಾವಣಕ್ಕೆ ಇಟ್ಕಳಾನ ಅಂತ ಬೀಗರಿಗೆ ಹೇಳ್ಕಳ್ಸಿವ್ನಿ,” ಎಂದರು. “ಅಷ್ಟೊತ್ಗೆ ಎಲ್ಲಾ ಹಾರೋಗಿರ್ತವೆ.”

“ಆಮೇಲೆ ಮರ, ಭಾವ?”

ಅವರು ಎಲೆಯಡಿಕೆಯ ಚೀಲ ಬಿಚ್ಚಿದರು. ಒಳಗಿನಿಂದ ಅಕ್ಕ ಅಂದಳು:

“ಕಾರ್ತೀಕಕ್ಕೆ ಬತ್ತವಲ್ಲಾ, ಆಗ ಎಲ್ಲಿ ಕುಂತ್ಕತ್ತವೆ?”

ಭಾವ ಸುಣ್ಣ ಹಚ್ಚುತ್ತಿದ್ದವರು ಹಾಗೇ ಕೈ ನಿಲ್ಲಿಸಿ ಮರದ ಕಡೆ ನೋಡಿದರು. ಕತ್ತಲಲ್ಲಿ ಯಾವುದೋ ಹಕ್ಕಿ ಮಗ್ಗುಲು ಬದಲಿಸಿತು; ಕಡ್ಡಿಯೊಂದು ಅಂಗಳಕ್ಕೆ ಬಿತ್ತು.