ಬರೆದ ಬಾಳು, ಬರೆಯದ ಬಾಳು

ಕಥೆ ಕಾದಂಬರಿಗಳನ್ನು ಮೆಚ್ಚುವವರು ಬಹಳ ಮಂದಿ. ನನ್ನ ಮನಸ್ಸಾದರೋ ಮೊದಲಿನಿಂದಲೂ ನಿಜವಾಗಿ ಬಾಳಿದವರ ಕಥೆಗಳ ಕಡೆಗೇ ಒಲಿದಿದೆ. ಆತ್ಮಕಥೆಯೊಂದು ಕೈಗೆ ಸಿಕ್ಕಿತೆಂದರೆ ಜೋಳದ ರೊಟ್ಟಿ ತಟ್ಟೆಯಲ್ಲಿ ಆರಿ ಹೋಗುವವರೆಗೂ ಓದುತ್ತ ಕುಳಿತು, ಮನೆಯವರಿಂದ ಮಾತು ಕೇಳಿಸಿಕೊಂಡವನು ನಾನು. ನಲವತ್ತು ವರ್ಷಗಳಿಗೂ ಮಿಕ್ಕಿದ ಈ ಓದಿನಿಂದ ನನ್ನಲ್ಲಿ ಕೆಲವು ಅಭಿಪ್ರಾಯಗಳು ಬೇರೂರಿವೆ. ಅವುಗಳನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುತ್ತೇನೆ. ಒಪ್ಪುವುದೂ ಬಿಡುವುದೂ ಓದುವವರಿಗೆ ಸೇರಿದ್ದು.

ಮೊದಲನೆಯದು: ತನ್ನ ತಪ್ಪನ್ನು ಹೇಳಿಕೊಳ್ಳದ ಆತ್ಮಕಥೆಯಲ್ಲಿ ನನಗೆ ನಂಬಿಕೆಯಿಲ್ಲ. ಗಾಂಧೀಜಿಯವರು ಬಾಲ್ಯದಲ್ಲಿ ತಾವು ಮಾಡಿದ ಕಳವನ್ನು ಹೇಳಿಕೊಂಡರು. ತಂದೆಯ ಕೊನೆಯ ಗಳಿಗೆಯಲ್ಲಿ ತಾವು ಬಳಿಯಲ್ಲಿರಲಿಲ್ಲವೆಂಬ ನಾಚಿಕೆಯನ್ನೂ ಬಚ್ಚಿಡಲಿಲ್ಲ. ಆ ಕಾರಣದಿಂದಲೇ ಅವರ ಉಳಿದ ಮಾತುಗಳನ್ನೂ ನಾವು ನಂಬುತ್ತೇವೆ. ಸಿದ್ಧಲಿಂಗಯ್ಯನವರು ‘ಊರು ಕೇರಿ’ಯಲ್ಲಿ ಬಡತನವನ್ನೂ ಅವಮಾನವನ್ನೂ ನಗುತ್ತಲೇ ಹೇಳಿದರು, ಆ ನಗು ಓದುಗನ ಎದೆಯನ್ನು ಕಲಕುತ್ತದೆ. ಇದಕ್ಕೆ ವಿರುದ್ಧವಾಗಿ, ಹುಟ್ಟಿದಂದಿನಿಂದ ಸನ್ಮಾನದ ಶಾಲು ಹೊದೆಯುವವರೆಗೆ ಒಮ್ಮೆಯೂ ಎಡವದ ಮಹನೀಯರ ಕಥೆಗಳನ್ನೂ ನಾನು ಓದಿದ್ದೇನೆ. ಅವುಗಳನ್ನು ಮುಚ್ಚಿಟ್ಟ ಮೇಲೆ ಶಾಲಿನ ಬಣ್ಣ ನೆನಪಿನಲ್ಲಿ ಉಳಿಯುತ್ತದೆ, ಮನುಷ್ಯನು ಉಳಿಯುವುದಿಲ್ಲ.

ಜೀವನಚರಿತ್ರೆಗಳ ಮಾತೂ ಹೀಗೆಯೇ. ದೊಡ್ಡವರ ಬಗ್ಗೆ ಬರೆಯುವವನಿಗೆ ಭಕ್ತಿಯಿರಲಿ, ಬೇಡವೆನ್ನುವುದಿಲ್ಲ. ಆದರೆ ಭಕ್ತಿಯು ಕಣ್ಣನ್ನು ಮುಚ್ಚಿಸಬಾರದು. ಕುವೆಂಪು ಅವರನ್ನು ಕುರಿತು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಬರೆದ ‘ಅಣ್ಣನ ನೆನಪು’ ನನಗೆ ಪ್ರಿಯವಾದುದು ಈ ಕಾರಣಕ್ಕಾಗಿ. ಅಲ್ಲಿ ರಾಷ್ಟ್ರಕವಿಯು ಮನೆಯ ಯಜಮಾನನಾಗಿ, ಮಕ್ಕಳ ತಂದೆಯಾಗಿ ನಮ್ಮೆದುರಿಗೆ ಸುಳಿದಾಡುತ್ತಾರೆ. ಅದರಿಂದ ಅವರ ದೊಡ್ಡತನಕ್ಕೆ ಕುಂದೇನೂ ಬಂದಿಲ್ಲ.

ಎರಡನೆಯ ಅಭಿಪ್ರಾಯವನ್ನು ನನಗೆ ಕಲಿಸಿದುದು ಸುರಪುರದ ಗುಡ್ಡ. ತರುಣನಾಗಿದ್ದಾಗ ಆ ತಾಲ್ಲೂಕಿನ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಹಳೆಯ ಕಟ್ಟಡವನ್ನು ಕಂಡು, ಅದನ್ನು ಕಟ್ಟಿಸಿದವನು ಯಾರೆಂದು ತಿಳಿಯುವ ಆಸೆ ಹುಟ್ಟಿತು. ಅವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಭಾರತಕ್ಕೆ ಬಂದು, ಹೈದರಾಬಾದಿನ ನಿಜಾಮನ ಸೇವೆಗೆ ಸೇರಿದವನು. ಸುರಪುರದ ರಾಜ ವೆಂಕಟಪ್ಪ ನಾಯಕನು ಇನ್ನೂ ಬಾಲಕನಾಗಿದ್ದಾಗ, 1841ರಲ್ಲಿ ಸಂಸ್ಥಾನದ ವ್ಯವಹಾರ ನೋಡಿಕೊಳ್ಳಲು ಬಂದು, 1853ರವರೆಗೆ ಇಲ್ಲಿ ಇದ್ದನು. ಬೋನಾಳದ ಕೆರೆಯನ್ನು ಉತ್ತಮಪಡಿಸಿದನು. ಈ ಸೀಮೆಯ ಪ್ರಾಚೀನ ಶಿಲಾಸಮಾಧಿಗಳನ್ನು ಅಳೆದು ಬರೆದಿಟ್ಟನು. ಬಾಲಕ ರಾಜನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನಂತೆ.

ಟೇಲರನು ತನ್ನ ಬಾಳಿನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದನು. ಅವನು ತೀರಿಕೊಂಡುದು 1876ರಲ್ಲಿ. ಮಗಳು ಸಂಪಾದಿಸಿದ ಆ ಪುಸ್ತಕವು ಮರುವರ್ಷ ಪ್ರಕಟವಾಯಿತು. ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಅದನ್ನು ಓದಿ ಮುಗಿಸಲು ನನಗೆ ಒಂದು ಬೇಸಗೆಯ ರಜೆಯೇ ಬೇಕಾಯಿತು. ನಾನು ದಿನವೂ ತುಳಿಯುತ್ತಿದ್ದ ದಾರಿ, ಹತ್ತುತ್ತಿದ್ದ ಗುಡ್ಡ ಸಪ್ತಸಮುದ್ರದಾಚೆಯ ಪುಸ್ತಕದಲ್ಲಿ ಇರುವುದನ್ನು ಕಂಡು ಆದ ಸಂತೋಷವನ್ನು ಏನೆಂದು ಹೇಳಲಿ!

ಆದರೆ ಓದುತ್ತ ಹೋದಂತೆ ಮನಸ್ಸಿನಲ್ಲಿ ಪ್ರಶ್ನೆಗಳು ಎದ್ದವು. 1858ರಲ್ಲಿ ತರುಣ ರಾಜನು ಬ್ರಿಟಿಷರ ವಿರುದ್ಧ ಶಸ್ತ್ರವೆತ್ತಿದನು. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕನು. ಮೊದಲು ವಿಧಿಸಿದ ಮರಣದಂಡನೆಯು ಇಳಿದು ಕೊನೆಗೆ ಕೆಲವು ವರ್ಷಗಳ ಸೆರೆವಾಸವಾಯಿತು. ಸೆರೆಯ ತಾಣಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಸತ್ತನು. ರಾಜನು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟುವುದಿಲ್ಲವೆಂದು ಜಾತಕದಲ್ಲಿ ಮೊದಲೇ ಇತ್ತೆಂದು ಟೇಲರನು ಬರೆಯುತ್ತಾನೆ. ನನಗೆ ಈ ಮಾತು ಸರಿದೋರಲಿಲ್ಲ. ನಡೆದುಹೋದುದನ್ನು ಹಲವು ವರ್ಷಗಳ ಮೇಲೆ ಬರೆಯುವಾಗ ಎಲ್ಲವೂ ವಿಧಿಯ ಆಟವೆಂದು ತೋರುವುದು ಸಹಜ. ವಿಧಿಯ ಮೇಲೆ ಹೊರೆ ಹಾಕಿದರೆ ಆಳಿದವರ ಹೆಗಲು ಹಗುರವಾಗುತ್ತದೆಯಲ್ಲವೇ?

ಒಂದು ಸಂಜೆ ಸುರಪುರದ ಹಿರಿಯರೊಬ್ಬರ ಮುಂದೆ ಈ ಪುಸ್ತಕದ ಮಾತು ತೆಗೆದೆ. ಅವರು ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಸಾಹೇಬ ತಾ ಬರದಾನ, ಮಾಸ್ತರ. ನಮ್ಮ ರಾಜಾ ಬರೀಲಾಕ ಉಳದಿದ್ದನೇನು?” ಎಂದರು. ಆ ಒಂದು ಮಾತಿನಲ್ಲಿ ನನ್ನ ಎರಡನೆಯ ಪಾಠ ಅಡಗಿತ್ತು. ಆತ್ಮಕಥೆಯೆಂಬುದು ಬದುಕಿ ಉಳಿದವನ, ಬರೆಯಬಲ್ಲವನ ಮಾತು. ಅದರಲ್ಲಿ ಬರುವ ಉಳಿದವರಿಗೆ ಎದ್ದುನಿಂತು ‘ಹಾಗಲ್ಲ’ ಎನ್ನುವ ಅವಕಾಶವಿಲ್ಲ.

ಆದರೂ ಟೇಲರನಿಗೆ ಸಲ್ಲಬೇಕಾದ ಮಾನವನ್ನು ಸಲ್ಲಿಸಲೇಬೇಕು. ಸೆರೆಮನೆಯಲ್ಲಿ ತಾನು ರಾಜನನ್ನು ಕಂಡ ಸಂಗತಿಯನ್ನು ಅವನು ಬರೆದಿದ್ದಾನೆ. ದಂಗೆಗೆ ಪ್ರೇರಿಸಿದವರ ಹೆಸರು ಹೇಳಲು ರಾಜನು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿ ಹಾರಿಸಿದರೆ ಮೇಲೆಂದನು. ಇದನ್ನು ಟೇಲರನು ಬರೆಯದೆ ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಬರೆದುದರಿಂದ, ಸೋತವನ ದೊಡ್ಡತನವು ಗೆದ್ದವರ ಕಡೆಯವನ ಪುಸ್ತಕದಲ್ಲಿಯೇ ಉಳಿಯಿತು. ತನ್ನ ಪುಟದಲ್ಲಿ ತನಗಿಂತ ಎತ್ತರವಾಗಿ ಇನ್ನೊಬ್ಬನು ನಿಲ್ಲಲು ಎಡೆಗೊಡುವ ಲೇಖಕನಿಗೆ ನಾನು ತಲೆಬಾಗುತ್ತೇನೆ.

ಇನ್ನು ಚಲನಚಿತ್ರಗಳಾದ ಪುಸ್ತಕಗಳ ಮಾತು. ‘ಪುಸ್ತಕದ ಮುಂದೆ ಸಿನಿಮಾ ಏನೂ ಅಲ್ಲ’ ಎಂದು ಓದುಬಲ್ಲವರು ಹೇಳುವುದು ವಾಡಿಕೆ. ನಾನೂ ಹಾಗೆಯೇ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದುದು 1933ರಲ್ಲಿ. ತುಂಡು ಭೂಮಿಯನ್ನು ತಾನೇ ಉತ್ತು ಬೆಳೆಯಬೇಕೆಂಬ ಚೋಮನ ಆಸೆ, ಅದು ಕೈಗೂಡದ ಸಂಕಟ ಓದಿದಾಗಲೇ ನನ್ನನ್ನು ಅಲುಗಿಸಿದ್ದವು. ಆದರೆ ನಾನು ಬಯಲುಸೀಮೆಯವನು. ಹಲಗೆ, ಡೊಳ್ಳುಗಳ ಸದ್ದನ್ನು ಬಲ್ಲೆನೇ ಹೊರತು ದುಡಿಯ ಸದ್ದನ್ನು ಕೇಳಿದವನಲ್ಲ. ಬಿ. ವಿ. ಕಾರಂತರು ನಿರ್ದೇಶಿಸಿದ ಚಿತ್ರವು 1975ರಲ್ಲಿ ಬಂದು, ಸ್ವರ್ಣಕಮಲವನ್ನು ಪಡೆಯಿತು. ಅದನ್ನು ನೋಡಿದಾಗ, ಪುಸ್ತಕದಲ್ಲಿ ಅಕ್ಷರವಾಗಿದ್ದ ದುಡಿ ಕಿವಿಗೆ ಕೇಳಿಸಿತು. ಅದು ಲಾಭ. ನಷ್ಟವೂ ಉಂಟು. ಅಂದಿನಿಂದ ನನ್ನ ಚೋಮನಿಗೆ ವಾಸುದೇವರಾಯರ ಮುಖವೇ ನಿಂತುಬಿಟ್ಟಿತು. ನಾನು ಕಲ್ಪಿಸಿಕೊಂಡಿದ್ದ ಚೋಮನು ಎಷ್ಟು ಕರೆದರೂ ತಿರುಗಿ ಬರಲಿಲ್ಲ. ಆದುದರಿಂದ ಮೊದಲು ಪುಸ್ತಕ, ಆಮೇಲೆ ಚಿತ್ರ ಎಂಬುದು ನನ್ನ ಸಲಹೆ.

ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ತೆರೆಗೆ ಬಂದುದು 1972ರ ಕೊನೆಯಲ್ಲಿ. ನಮ್ಮ ಕಡೆಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಅದನ್ನು ನೋಡಿದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅಂದು ರಾಮಾಚಾರಿಗಾಗಿ ಅತ್ತೆ. ನಿವೃತ್ತನಾದ ಮೇಲೆ ಇನ್ನೊಮ್ಮೆ ನೋಡಿದೆ. ಈ ಸಲ ಅತ್ತುದು ಚಾಮಯ್ಯ ಮೇಷ್ಟ್ರಿಗಾಗಿ. ಹುಡುಗನನ್ನು ಅಷ್ಟು ಪ್ರೀತಿಸಿದ ಗುರುವೇ, ಒಳ್ಳೆಯದನ್ನು ಮಾಡುತ್ತಿದ್ದೇನೆಂಬ ನಂಬಿಕೆಯಿಂದಲೇ ಅವನ ಬಾಳನ್ನು ಕೆಡಿಸಿದನಲ್ಲ! ಚಿತ್ರ ಬದಲಾಗಿರಲಿಲ್ಲ, ನೋಡುವವನು ಬದಲಾಗಿದ್ದನು.

ಆ ಕಣ್ಣೀರಿಗೆ ಕಾರಣವೊಂದುಂಟು. ನಿವೃತ್ತಿಯ ಬಳಿಕ ನಾನೂ ನನ್ನ ಅಧ್ಯಾಪಕ ಜೀವನದ ನೆನಪುಗಳನ್ನು ಬರೆಯಲು ತೊಡಗಿದ್ದೆ. ಇನ್ನೂರು ಹಾಳೆಗಳಾದ ಮೇಲೆ ಹೆಂಡತಿಯ ಕೈಯಲ್ಲಿಟ್ಟೆ. ನಾಲ್ಕು ದಿನ ಓದಿ, ಕನ್ನಡಕ ತೆಗೆದು, “ಎಲ್ಲಾ ಚಲೋ ಬರದೀರಿ. ಆ ಹುಡುಗನ ಸುದ್ದಿ ಮಾತ್ರ ಎಲ್ಲೂ ಇಲ್ಲಲ್ರೀ?” ಎಂದಳು. ಯಾವ ಹುಡುಗನೆಂದು ನಾನು ಕೇಳಲಿಲ್ಲ.

ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಶಾಲೆಯ ಪುಸ್ತಕದ ಕಪಾಟು ನನ್ನ ವಶದಲ್ಲಿತ್ತು. ಒಂದು ದಿನ ‘ಚೋಮನ ದುಡಿ’ಯ ಪ್ರತಿ ಕಾಣೆಯಾಯಿತು. ಕೊನೆಯಲ್ಲಿ ಒಯ್ದವನು ಕೂಲಿಕಾರರ ಮನೆಯ ಹುಡುಗ. “ತಂದು ಇಟ್ಟೀನ್ರಿ ಸರ” ಎಂದು ಅವನು ಎರಡು ಸಲ ಹೇಳಿದನು. ನಾನು ನಂಬದೆ, ತರಗತಿಯ ಎದುರಿನಲ್ಲಿ ಕಳ್ಳನೆಂದು ಕರೆದು, ಕೈಯೆತ್ತಿದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಬೇಸಗೆಯಲ್ಲಿ ಸುಣ್ಣ ಬಳಿಯಲು ಕಪಾಟನ್ನು ಸರಿಸಿದಾಗ, ಗೋಡೆಗೂ ಅದಕ್ಕೂ ನಡುವೆ ಪುಸ್ತಕ ಬಿದ್ದಿತ್ತು. ಓಡುತ್ತ ಅವನ ಮನೆಗೆ ಹೋದೆ. ಬಾಗಿಲಿಗೆ ಬೀಗ ಹಾಕಿತ್ತು. ಮನೆಮಂದಿಯೆಲ್ಲ ದುಡಿಯಲು ಪುಣೆಗೆ ಹೋಗಿದ್ದರು. ಆಮೇಲೆ ಅವನನ್ನು ನಾನು ಕಾಣಲಿಲ್ಲ. ಭೂಮಿ ಸಿಗದ ಚೋಮನಿಗಾಗಿ ಮರುಗಿದ ನಾನೇ, ಆ ಪುಸ್ತಕವನ್ನು ಓದಿದ ಹುಡುಗನ ಓದನ್ನು ಕಿತ್ತುಕೊಂಡಿದ್ದೆ.

ಟೇಲರನನ್ನು ಪ್ರಶ್ನಿಸಿದ್ದ ನಾನು ನನ್ನ ಇನ್ನೂರು ಹಾಳೆಗಳಲ್ಲಿ ಈ ಒಂದು ಹಾಳೆಯನ್ನು ಬರೆದಿರಲಿಲ್ಲ! ಅಂದು ರಾತ್ರಿಯೇ ಕುಳಿತು ಬರೆದೆ. ‘ಆ ಕಾಲದಲ್ಲಿ ಎಲ್ಲರೂ ಹೊಡೆಯುತ್ತಿದ್ದರು’ ಎಂಬ ವಾಕ್ಯವೊಂದು ತಾನಾಗಿ ಲೇಖನಿಯಿಂದ ಇಳಿಯಿತು. ಅದನ್ನು ಹೊಡೆದುಹಾಕಿದೆ. ಬರೆದುದರಿಂದ ಆ ಹುಡುಗನಿಗೆ ಆದ ಅನ್ಯಾಯ ತೊಡೆಯಲಿಲ್ಲ. ಆದರೆ ನನ್ನ ಪುಸ್ತಕದಲ್ಲಿ ಅವನು ಈಗ ಕಳ್ಳನೂ ಅಲ್ಲ, ಇಲ್ಲದವನೂ ಅಲ್ಲ.

ಮುಂದೆ ನೀವೂ ಬಾಳಿನ ಕಥೆಗಳನ್ನು ಓದುವಿರಿ. ಅವುಗಳನ್ನು ಆಧರಿಸಿದ ಚಿತ್ರಗಳನ್ನು ನೋಡುವಿರಿ. ಮೆಚ್ಚಿದರೆ ಮನಸಾರೆ ಮೆಚ್ಚಿರಿ. ಆದರೆ ಪುಸ್ತಕವನ್ನು ಮುಚ್ಚುವ ಮುನ್ನ ಒಂದು ಗಳಿಗೆ ನಿಂತು, ‘ಇಲ್ಲಿ ಯಾರ ಮಾತು ಕೇಳಿಸಲಿಲ್ಲ?’ ಎಂದು ಕೇಳಿಕೊಳ್ಳಿರಿ. ಎಂದಾದರೂ ನಿಮ್ಮ ಬಾಳನ್ನು ನೀವೇ ಬರೆಯಲು ಕುಳಿತರೆ, ಆ ಪ್ರಶ್ನೆಯಿಂದಲೇ ಬರೆಯತೊಡಗಿರಿ.