ದಾಳ ಮತ್ತೆ ಹಾಕಬಾರದು

ಮೇಜಿನ ಮೇಲೆ ನಕ್ಷೆ ಹರಡಿ, ರಟ್ಟಿನ ಹಡಗು-ವಿಮಾನಗಳನ್ನ ಸರಿಸುತ್ತ, ದಾಳ ಉರುಳಿಸಿ ಆಡುವ ಯುದ್ಧದಾಟಗಳ ಹುಚ್ಚು ನನಗೆ. ಈ ಆಟ ಆಡುವವರೆಲ್ಲ ಒಂದಲ್ಲ ಒಂದು ದಿನ ಗೊಣಗುವ ಮಾತೊಂದಿದೆ: "ಇದೆಂಥಾ ನಿಯಮ ಮಾರಾಯ, ನಾಲ್ಕು ವಿಮಾನಕ್ಕೆ ಅಷ್ಟು ದೊಡ್ಡ ಹಡಗು ಮುಳುಗೂದಾ?"

ದೀಪಾವಳಿ ರಜೆಗೆ ಕಾರವಾರಕ್ಕೆ ಹೋದಾಗ ಹಾಗೆ ಗೊಣಗಿದ್ದು ಅಂಕೋಲೆಯ ಗೆಳೆಯ. ನಿಯಮ ನಾವೇ ಬರೆದುಕೊಂಡಿದ್ದು. ಒಂದು ವಿಮಾನ ತುಕಡಿಗೆ ಒಂದು ದಾಳ. ಆರು ಬಿದ್ದರೆ ಮಾತ್ರ ಪೆಟ್ಟು. ಎರಡು ಪೆಟ್ಟಿಗೆ ವಿಮಾನವಾಹಕ ನೌಕೆ ಮುಳುಗಿತು ಅಂತ ಲೆಕ್ಕ. ನಾನು ಆರು ತುಕಡಿ ಕಳಿಸಿದೆ, ಎರಡು ಆರು ಬಿತ್ತು! "ಶಕುನಿ ದಾಳ ತಂದಿದ್ಯಾ, ಮತ್ತೆ ಹಾಕು" ಅಂತ ಅವನ ಹಟ :-)

ಲೆಕ್ಕ ಹಾಕಿ ನೋಡಿ. ಒಂದು ದಾಳದಲ್ಲಿ ಆರು ಬೀಳೋದು ಆರಕ್ಕೊಂದು ಸಲ ಅಷ್ಟೆ. ಆದರೆ ಆರು ದಾಳ ಒಟ್ಟಿಗೆ ಹಾಕಿದರೆ ಒಂದಾದರೂ ಆರು ಬೀಳುವ ಸಾಧ್ಯತೆ ನೂರಕ್ಕೆ 67ರಷ್ಟು. ಎರಡು ಅಥವಾ ಹೆಚ್ಚು ಬೀಳೋದು ನೂರಕ್ಕೆ 26. ಅಂದ್ರೆ ಇಂಥ ನಾಲ್ಕು ದಾಳಿಗೆ ಒಂದು ಸಲ ನೌಕೆ ತಳ ಸೇರುತ್ತೆ. ನಮ್ಮ ತಲೆ ಮಾತ್ರ 'ಸರಾಸರಿ ಒಂದೇ ಪೆಟ್ಟು' ಅಂದುಕೊಂಡು ನಿಶ್ಚಿಂತೆಯಿಂದ ಇರುತ್ತೆ. ಸರಾಸರಿಗೆ ಹಡಗು ಮುಳುಗಲ್ಲ ನಿಜ, ಆದರೆ ಯುದ್ಧ ಸರಾಸರಿಯಲ್ಲಿ ನಡೆಯಲ್ಲವಲ್ಲ...

ಇಂಥದೇ ಜಗಳ ಬಲು ದೊಡ್ಡ ಮೇಜಿನ ಮೇಲೂ ಆಗಿದೆ. 1942ರ ಮೇ ತಿಂಗಳು, ಜಪಾನಿನ ಯಮಾಟೊ ಹಡಗು. ಮಿಡ್‌ವೇ ದ್ವೀಪದ ದಾಳಿಗೆ ಮುಂಚೆ ನೌಕಾಧಿಕಾರಿಗಳು ಮೇಜಿನ ಮೇಲೆ ಯುದ್ಧ ಆಡಿ ನೋಡುತ್ತಿದ್ದರು. ದ್ವೀಪದಿಂದ ಹಾರಿದ ಅಮೆರಿಕನ್ ವಿಮಾನಗಳ ಪಾಲಿಗೆ ತೀರ್ಪುಗಾರ ಒಕುಮಿಯಾ ದಾಳ ಹಾಕಿದ. ಒಂಬತ್ತು ಪೆಟ್ಟು! ಅಕಾಗಿ, ಕಾಗಾ ಎರಡೂ ಮುಳುಗಿದವು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಒಪ್ಪಲಿಲ್ಲ. ಒಂಬತ್ತನ್ನ ಮೂರು ಮಾಡಿಸಿದ. ಅಕಾಗಿ ಬದುಕಿತು. ಮುಳುಗಿದ ಕಾಗಾ ಕೂಡ ಆಟದ ಮುಂದಿನ ಭಾಗದಲ್ಲಿ ಮತ್ತೆ ತೇಲಿಬಂತು! ಯುದ್ಧ ಮುಗಿದ ಮೇಲೆ ಫುಚಿದಾ ಜೊತೆ ಸೇರಿ ಒಕುಮಿಯಾನೇ ಇದನ್ನೆಲ್ಲ ಬರೆದ.

ಜೂನ್ 4ರಂದು ನಿಜವಾದ ಯುದ್ಧ. ಮೊದಲು ಅಮೆರಿಕನ್ ನೌಕೆಗಳಿಂದ ಬಂದ 41 ಟಾರ್ಪೆಡೊ ವಿಮಾನಗಳಿಂದ ಒಂದೇ ಒಂದು ಪೆಟ್ಟು ಬೀಳಲಿಲ್ಲ, ಹೆಚ್ಚಿನವು ಸಮುದ್ರ ಸೇರಿದವು. ಒಂದು ತುಕಡಿಯಲ್ಲಂತೂ ಹೋದ ಮೂವತ್ತು ಜನರಲ್ಲಿ ಉಳಿದವ ಒಬ್ಬ. ಆಮೇಲೆ ಡೈವ್ ಬಾಂಬರ್‌ಗಳು ಮೇಲಿಂದ ಎರಗಿದವು. ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೊರ್ಯು ಮೂರೂ ಹೊತ್ತಿ ಉರಿದವು. ಸಂಜೆ ಹಿರ್ಯು ಸರದಿ.

ಉಗಾಕಿ ಪೂರ್ತಿ ತಪ್ಪು ಅಂತ ಹೇಳೋಕಾಗಲ್ಲ. ದ್ವೀಪದಿಂದ ಹೋದ ಬಿ-17 ವಿಮಾನಗಳು ಎತ್ತರದಿಂದ ಹಾಕಿದ ಬಾಂಬುಗಳಲ್ಲಿ ಒಂದೂ ತಾಗಲಿಲ್ಲ. ಹಡಗುಗಳನ್ನ ಸುಟ್ಟದ್ದು ನೌಕೆಗಳಿಂದ ಹಾರಿದ ವಿಮಾನಗಳು. ಆದರೆ ನನಗೆ ಅನ್ನಿಸೋದು ಇಷ್ಟು: ದಾಳ ಅಲ್ಲಿ ಭವಿಷ್ಯ ಹೇಳಿರಲಿಲ್ಲ, ಒಂದು ಪ್ರಶ್ನೆ ಕೇಳಿತ್ತು. "ಎರಡು ನೌಕೆ ಹೋದರೆ ಏನು ಮಾಡ್ತೀರಿ?" ಉಗಾಕಿ ಅಂಕಿಯನ್ನ ತಿದ್ದಿದಾಗ ಅಳಿಸಿಹೋಗಿದ್ದು ಆ ಪ್ರಶ್ನೆ. ನಿಜವಾಗಿ ಹಾಗೇ ಆದ ದಿನ ಯಾರ ಬಳಿಯೂ ಉತ್ತರ ಇರಲಿಲ್ಲ.

ಕಾರವಾರದವರಿಗೆ ಇದು ಬರೀ ಆಟದ ಮಾತಲ್ಲ. ಅರ್ಗಾದ ಕಡೆ ಗುಡ್ಡಗಳ ಮರೆಯಲ್ಲೇ ಐಎನ್‌ಎಸ್ ಕದಂಬ ಇದೆ. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಕಾರ್ಯಾರಂಭ. ಅದಕ್ಕಾಗಿ ಮನೆ, ಗದ್ದೆ, ದೋಣಿ ನಿಲ್ಲಿಸುವ ದಂಡೆ ಬಿಟ್ಟುಕೊಟ್ಟವರು ಇಲ್ಲಿಯ ಹಳ್ಳಿಗಳಲ್ಲೇ ಇದ್ದಾರೆ. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಇಲ್ಲಿಗೆ ಬಂತು. ಅಂಥ ಒಂದು ನೌಕೆ ಅಂದರೆ ಸಾವಿರಕ್ಕೂ ಹೆಚ್ಚು ಜನ. ನಮ್ಮ ನಕ್ಷೆಯಲ್ಲಿ ಅದು ಬೆರಳುಗುರಿನಷ್ಟು ರಟ್ಟಿನ ಚೂರು, ಬಂದರು ಒಂದೇ ಒಂದು ಮನೆ. ರಟ್ಟು ಸತ್ತರೆ ಮತ್ತೆ ಎತ್ತಿಡಬಹುದು.

ಎಲ್ಲೋ ಒಂದು ಕೋಣೆಯಲ್ಲಿ, ನಮ್ಮದಕ್ಕಿಂತ ಎಷ್ಟೋ ದೊಡ್ಡ ನಕ್ಷೆಯ ಮುಂದೆ, ನಮ್ಮ ಕಡೆಯ ಅಧಿಕಾರಿಗಳೂ ಇಂಥ ಆಟ ಆಡ್ತಾರೆ. ಅಲ್ಲಿ ಒಂದು ದಿನ ಒಂಬತ್ತು ಪೆಟ್ಟು ಬಿದ್ದಾಗ, ತೀರ್ಪುಗಾರನ ಮಾತನ್ನ ಮೇಲಿನವರು ಸುಮ್ಮನೆ ಕೂತು ಕೇಳಲಿ ಅಂತ ನನ್ನ ಆಸೆ.

ನಿಮ್ಮಲ್ಲಿ ಯಾರಾದರೂ ಇಂಥ ಆಟ ಆಡ್ತೀರಾ? ಕೆಟ್ಟ ದಾಳ ಬಿದ್ದಾಗ ಏನು ಮಾಡ್ತೀರಿ, ಹೇಳಿ...